ತಂಗಿಯ ವಿಚಾರದ ವಹಿ

ನನ್ನ ತಂಗಿಗೆ ಬಂದಿರುವುದು ಖಿನ್ನತೆ ಎಂದು ಕೊಲ್ಹಾಪುರದ ಡಾಕ್ಟರು ಹೇಳಿದ ದಿನ ನನಗೆ ಮೊದಲು ಬಂದದ್ದು ಸಿಟ್ಟು. ಕನಿಕರ ಆಮೇಲೆ ಬಂತು, ಬಂದದ್ದೂ ಬಹಳ ದಿನ ನಿಲ್ಲಲಿಲ್ಲ. ಮೂವತ್ತೆರಡು ವರ್ಷ ಇಚಲಕರಂಜಿಯ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಕಲಿಸಿದವಳು ನಾನು. ಇಲ್ಲಿ ಟೀಚರಿಗೆ ಬಾಯಾರು ಎನ್ನುತ್ತಾರೆ, ಬಾಯಾರು ಬಂದರು ಎಂದರೆ ಓಣಿಯ ಹುಡುಗರು ಇವತ್ತಿಗೂ ಮೊಬೈಲು ಕಿಸೆಯಲ್ಲಿ ಇಟ್ಟು ದಾರಿ ಬಿಡುತ್ತಾರೆ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮುಚ್ಚಿಟ್ಟುಕೊಂಡು ಸಂಭಾವಿತಳ ಹಾಗೆ ಬರೆಯುವುದು ನನಗೆ ಬರುವುದಿಲ್ಲ. ಆ ಐದು ವಾರ ತಂಗಿಗೆ ನಾನು ಏನು ಮಾಡಿದೆನೋ ಅದನ್ನು ಮಾಡಿದ ಹಾಗೇ ಹೇಳುತ್ತೇನೆ.

ಸಿಟ್ಟಿಗೆ ಕಾರಣ ನಮ್ಮ ಅವ್ವ. ಕೊನೆಯ ಹನ್ನೊಂದು ತಿಂಗಳು ಅವ್ವ ನನ್ನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ನಾನು ನಿವೃತ್ತಳಾದ ಮೊದಲ ವರ್ಷ ಅದು. ಹೇಲು ಉಚ್ಚೆ ಬಳಿದವಳು ನಾನು, ಬೆನ್ನು ಹುಣ್ಣಾಗದ ಹಾಗೆ ಎರಡು ತಾಸಿಗೊಮ್ಮೆ ಹೊರಳಿಸಿದವಳು ನಾನು. ತಂಗಿ ಹದಿನೈದು ದಿನಕ್ಕೊಮ್ಮೆ ಗಡಹಿಂಗ್ಲಜದಿಂದ ಬರುತ್ತಿದ್ದಳು, ಕೈಯಲ್ಲಿ ದ್ರಾಕ್ಷಿಯ ಪುಡಿಕೆ ಹಿಡಿದುಕೊಂಡು. ಅವ್ವನ ತಲೆ ಬಾಚಿ, ಕಾಲು ಒತ್ತಿ, ಒಂದಿಷ್ಟು ಅತ್ತು, ಮಧ್ಯಾಹ್ನದ ಬಸ್ಸಿಗೆ ಹೊರಟುಬಿಡುತ್ತಿದ್ದಳು. ಅವಳು ಹೋದ ಮೇಲೆ ಅವ್ವ ಎದುರು ಮನೆಯವಳಿಗೆ ಹೇಳುತ್ತಿದ್ದಳು: ‘ಸಣ್ಣಾಕಿ ಕೈ ಭಾಳ ಮೆತ್ತಗ ನೋಡವಾ. ದೊಡ್ಡಾಕಿ ಮುಟ್ಟಿದ್ರ ಮೈ ಉರೀತೈತಿ.’ ನಾನು ಅಲ್ಲೇ ನಿಂತು ಅವಳ ಹಾಸಿಗೆಯ ಬಟ್ಟೆ ಬದಲಿಸುತ್ತಿದ್ದೆ.

ನಮ್ಮ ಮನೆಗಳಲ್ಲಿ ಇದೊಂದು ರೂಢಿ. ಎದುರಿಗೆ ಇದ್ದವರ ಬಗ್ಗೆ ಅವರು ಇಲ್ಲವೇ ಇಲ್ಲ ಎನ್ನುವಂತೆ ಮಾತಾಡುತ್ತೇವೆ. ಕಾಯಿಲೆ ಬಿದ್ದವರ ತಲೆದಿಂಬಿನ ಹತ್ತಿರವೇ ನಿಂತು, ಇನ್ನೆಷ್ಟು ದಿನ ಎಳೆಯಬಹುದು ಎಂದು ಬಂದವರ ಹತ್ತಿರ ಚರ್ಚೆ ಮಾಡುತ್ತೇವೆ. ಮಲಗಿದವರಿಗೆ ಕಿವಿ ಇರುತ್ತದೆ ಎಂಬುದು ಯಾರಿಗೂ ಹೊಳೆಯುವುದಿಲ್ಲ. ಅವ್ವನ ಬಗ್ಗೆ ನಾನೂ ಹಾಗೇ ಮಾತಾಡಿದ್ದೇನೆ, ಅವ್ವ ನನ್ನ ಬಗ್ಗೆ ಹಾಗೇ ಮಾತಾಡಿದಳು. ಅದರಲ್ಲಿ ತಪ್ಪೇನಿದೆ ಎಂದು ಯಾರಾದರೂ ಕೇಳಿದ್ದರೆ ನನಗೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ.

ಅವ್ವ ಹೋದಳು. ಆರು ತಿಂಗಳಿಗೆ ತಂಗಿ ಮಲಗಿದಳು. ಅವಳ ಗಂಡನದು ಗಡಹಿಂಗ್ಲಜದ ಪೇಟೆಯಲ್ಲಿ ಮೆಣಸಿನಕಾಯಿ, ಬೆಲ್ಲದ ವ್ಯಾಪಾರ. ಮಗಳು ಮದುವೆಯಾಗಿ ಹೋಗಿದ್ದಾಳೆ. ತಂಗಿ ಏಳುವುದಿಲ್ಲ, ಉಣ್ಣುವುದಿಲ್ಲ, ಮೈಮೇಲೆ ನೀರು ಹಾಕಿಕೊಳ್ಳುವುದಿಲ್ಲ, ಮಾತಾಡಿಸಿದರೆ ಗೋಡೆಯ ಕಡೆ ಹೊರಳುತ್ತಾಳೆ. ಹರಕೆ ಹೊತ್ತರು, ತಾಯತ ಕಟ್ಟಿದರು, ರಕ್ತ ಪರೀಕ್ಷೆ ಮಾಡಿಸಿದರು. ಕೊನೆಗೆ ಕೊಲ್ಹಾಪುರದ ಮನಸ್ಸಿನ ಡಾಕ್ಟರ ಹತ್ತಿರ ಒಯ್ದಾಗ ಅವರು ಗುಳಿಗೆ ಬರೆದುಕೊಟ್ಟು, ವಾರಕ್ಕೊಮ್ಮೆ ಬಂದು ಒಬ್ಬ ಮ್ಯಾಡಮ್ ಹತ್ತಿರ ಕುಳಿತು ಮಾತಾಡಬೇಕು, ಅದೂ ಒಂದು ಚಿಕಿತ್ಸೆಯೇ, ಗುಳಿಗೆಯ ಜೋಡಿ ಅದು ಬೇಕೇ ಬೇಕು ಎಂದರಂತೆ. ತಂಗಿಯ ಗಂಡ ನನಗೆ ಫೋನು ಮಾಡಿದ.

‘ಅಕ್ಕಾರ, ಎರಡ ತಿಂಗಳ ಆಕೀನ್ನ ನಿಮ್ಮಲ್ಲಿ ಇಟ್ಕೋರಿ. ಇಲ್ಲಿಂದ ವಾರಾ ವಾರಾ ಕೊಲ್ಹಾಪುರಕ್ಕ ಹೋಗೂದು ಆಗಂಗಿಲ್ರಿ, ಸೀಜನ್ ಐತಿ. ನಿಮಗ ಅರ್ಧಾ ತಾಸಿನ ದಾರಿ.’

ಅರ್ಧ ತಾಸಲ್ಲ, ಒಂದು ತಾಸಿನ ದಾರಿ. ಆದರೂ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಅವಳು ಬಂದಳು, ಬಂದು ಅವ್ವ ಮಲಗಿದ್ದ ಕೋಣೆಯಲ್ಲಿ ಅವ್ವ ಮಲಗಿದ್ದ ಮಂಚದ ಮೇಲೆ ಮಲಗಿದಳು, ಖಾಲಿ ಇದ್ದದ್ದು ಅದೊಂದೇ. ಒಬ್ಬರನ್ನು ಕಳಿಸಿ ಈಗಷ್ಟೇ ಕೈ ತೊಳೆದುಕೊಂಡಿದ್ದೆ. ಹಾಲು ತಂದುಕೊಟ್ಟು ಬಾಗಿಲು ಮುಂದೆ ಮಾಡಿ ಹೊರಗೆ ಬಂದು, ಹಾಳಾದವಳು ಇಲ್ಲಿಗೇ ಬರಬೇಕಿತ್ತೇ ಎಂದು ಗೋಡೆಗೆ ಹೇಳಿದೆ. ಕೆಳಗೆ ನಮ್ಮ ಮನೆಯವರ ಮಗ್ಗಗಳು ಬಡಿದುಕೊಳ್ಳುತ್ತಿದ್ದವು, ಆ ಸಪ್ಪಳದಲ್ಲಿ ಅವಳಿಗೆ ಕೇಳಿಸಲಿಕ್ಕಿಲ್ಲ ಎಂದುಕೊಂಡೆ.

ಮ್ಯಾಡಮ್ ಎಂದರೆ ನನ್ನ ಕೊನೆಯ ತಂಡದ ಮಕ್ಕಳಿಗಿಂತ ಹತ್ತು ವರ್ಷ ದೊಡ್ಡವಳಿರಬಹುದು, ಅಷ್ಟೇ. ಚೂಡಿದಾರ, ಕೈಯಲ್ಲಿ ಒಂದು ಗಡಿಯಾರ, ಮೆಲ್ಲಗೆ ಮಾತು. ಮರಾಠಿ ಬಿಟ್ಟರೆ ಬೇರೆ ಗೊತ್ತಿಲ್ಲ. ತಂಗಿಯನ್ನು ಏನು ಕೇಳಿದರೂ ಅವಳು ತಲೆ ತಗ್ಗಿಸಿ ಸೆರಗಿನ ಅಂಚು ಹಿಂಡುತ್ತ ಕುಳಿತಳು. ಮ್ಯಾಡಮ್ ನನ್ನ ಕಡೆ ನೋಡಿದರು. ನಾನು ಹೇಳಿದೆ: ‘ತಿಲಾ ಮರಾಠಿ ನೀಟ ಯೇತ ನಾಹೀ.’ ಅವಳಿಗೆ ಮರಾಠಿ ಸರಿಯಾಗಿ ಬರುವುದಿಲ್ಲ ಎಂದು. ಮೂವತ್ತು ವರ್ಷ ಗಡಹಿಂಗ್ಲಜದ ಪೇಟೆಯಲ್ಲಿ ಬಾಳ್ವೆ ಮಾಡಿದವಳಿಗೆ. ಯಾಕೆ ಹಾಗೆ ಹೇಳಿದೆನೋ. ಉತ್ತರ ಕೊಡದೆ ಮಾನ ಕಳೆಯುತ್ತಾಳಲ್ಲ ಎಂಬ ಸಿಟ್ಟಿಗೆ ಹೇಳಿದ್ದಿರಬೇಕು.

ಮ್ಯಾಡಮ್ ಒಂದು ನೂರು ಪುಟದ ವಹಿ ಕೊಟ್ಟು, ಒಳಗೆ ಉದ್ದ ಗೆರೆ ಹೊಡೆದು ಕಾಲಮ್ಮಿನ ಹಾಗೆ ಕಟ್ಟು ಮಾಡಿ ತೋರಿಸಿದರು. ಮೊದಲ ಕಟ್ಟಿನಲ್ಲಿ ಏನು ನಡೆಯಿತು. ಆಮೇಲೆ ಆಗ ಮನಸ್ಸಿಗೆ ಬಂದ ವಿಚಾರ ಏನು, ಅದರಿಂದ ಎಷ್ಟು ದುಃಖವಾಯಿತು, ನೂರಕ್ಕೆ ಎಷ್ಟು. ಆ ವಿಚಾರ ಖರೆ ಎನ್ನಲು ಪುರಾವೆ ಏನಿದೆ, ಸುಳ್ಳು ಎನ್ನಲು ಏನಿದೆ. ಮನಸ್ಸು ಖಿನ್ನವಾದಾಗ ವಿಚಾರಗಳು ಸುಳ್ಳು ಸಾಕ್ಷಿ ಹೇಳುತ್ತವೆ, ನಾವು ಅವನ್ನು ಖರೆ ಎಂದು ನಂಬಿಬಿಡುತ್ತೇವೆ, ಹಿಡಿದು ನಿಲ್ಲಿಸಿ ತಪಾಸಣೆ ಮಾಡಬೇಕು ಎಂದರು. ‘ವಿಚಾರ ಮ್ಹಣಜೇ ವಸ್ತುಸ್ಥಿತಿ ನಾಹೀ.’ ವಿಚಾರ ಬಂತು ಎಂದರೆ ಅದು ಹಾಗೇ ಇದೆ ಎಂದಲ್ಲ. ವಿಚಾರ ಯಾವ ಭಾಷೆಯಲ್ಲಿ ಬರುತ್ತದೋ ಅದೇ ಭಾಷೆಯಲ್ಲಿ ಬರೆಯಬೇಕು, ಅನುವಾದ ಮಾಡಿಕೊಂಡು ಬರೆದರೆ ವಿಚಾರ ತಣ್ಣಗಾಗಿಬಿಡುತ್ತದೆ ಎಂದರು. ತಂಗಿಯ ವಿಚಾರಗಳು ಕನ್ನಡದಲ್ಲಿ ಬರುತ್ತವೆ. ಅಂದಮೇಲೆ ಮ್ಯಾಡಮ್‌ಗೆ ಅದನ್ನು ಓದಿ ಮರಾಠಿಯಲ್ಲಿ ಹೇಳುವವರು ಬೇಕು. ತಂಗಿಯ ದನಿ ಏಳುವವರೆಗೆ ಅಕ್ಕನೇ ಓದಲಿ ಎಂದು ತೀರ್ಮಾನವಾಯಿತು. ಬಾಯಾರಿಗೆ ಸಂತೋಷವೇ ಆಯಿತು. ಮತ್ತೆ ಒಬ್ಬರು ನನ್ನ ಕೈಗೆ ವಹಿ ಕೊಟ್ಟಿದ್ದರು.

ಮೊದಲ ವಾರ ನಾನು ಮಾಡಿದ ಘನಂದಾರಿ ಕೆಲಸ ಕೇಳಿ. ಅವಳು ನಾಲ್ಕು ದಿನ ತಿಣುಕಿ ಒಂದು ಪುಟ ಬರೆದಿದ್ದಳು. ನಾನು ಕನ್ನಡಕ ಏರಿಸಿ, ಕೆಂಪು ಪೆನ್ನು ತೆಗೆದು ಅದನ್ನು ತಿದ್ದಿದೆ. ಒತ್ತಕ್ಷರ ಬಿಟ್ಟಲ್ಲಿ ಹಾಕಿದೆ, ಸಾಲು ಸೊಟ್ಟಗಿದ್ದಲ್ಲಿ ಗೆರೆ ಎಳೆದೆ. ‘ನಾ ಯಾತಕ್ಕೂ ಬರದಾಕಿ ಅಲ್ಲ’ ಎಂದು ಬರೆದಿದ್ದಳು, ಯಾವುದಕ್ಕೂ ಬಾರದವಳು ಎನ್ನುವುದನ್ನು ತಲೆ ಕೆಟ್ಟು ಹಾಗೆ ಬರೆದಿದ್ದಳು. ನಾನು ‘ಅಲ್ಲ’ ಎಂಬುದನ್ನು ಹೊಡೆದುಹಾಕಿ, ‘ಈಗ ಬರೋಬರ ಆತು ನೋಡ’ ಎಂದೆ. ಅವಳು ಮಂಚದ ಮೇಲೆ ಕುಳಿತು ನೋಡುತ್ತಿದ್ದಳು. ದುಃಖದ ಕಟ್ಟಿನಲ್ಲಿ ಎಂಬತ್ತೈದು ಹಾಕಿದ್ದಳು.

‘ದುಃಖದಾಗ ಡಿಸ್ಟಿಂಕ್ಷನ್ ಬಂದೈತೆಲ್ಲ ನಿನಗ’ ಎಂದೆ. ‘ಸಾಲ್ಯಾಗ ಇಟ್ಟ ಮಾರ್ಕ್ಸ ಯಾವಾಗ ತಗೊಂಡಿದ್ದಿ?’

ನಮ್ಮ ಮನೆಯವರು ಬಾಗಿಲಲ್ಲಿ ನಿಂತಿದ್ದರು. ‘ಆಕೀನ್ನ ಸುಮ್ನ ಬಿಡೂದಾಗೂದಿಲ್ಲೇನ ನಿನಗ?’ ಎಂದು ಕೆಳಗೆ ಮಗ್ಗದ ಕಡೆ ಹೋದರು. ಕೊಲ್ಹಾಪುರದಲ್ಲಿ ಮ್ಯಾಡಮ್ ಪುಟ ನೋಡಿ, ‘ತಾಈ, ಲಾಲ ಪೆನ ನಕೋ’ ಎಂದರು. ಕೆಂಪು ಪೆನ್ನು ಬೇಡವಂತೆ. ನನ್ನನ್ನು ತಾಈ ಎಂದು ಕರೆಯುತ್ತಿದ್ದರು, ಅಕ್ಕ ಎಂದು. ಮಗಳ ವಯಸ್ಸಿನವಳಿಂದ ಬುದ್ಧಿ ಹೇಳಿಸಿಕೊಂಡೆನಲ್ಲ ಎಂದು ನನ್ನ ಮೈ ಉರಿಯಿತು. ಆವತ್ತಿನಿಂದ ಆ ಹುಡುಗಿಯ ಎದುರು ಮತ್ತೊಮ್ಮೆ ತಪ್ಪಿತಸ್ಥಳಾಗಬಾರದು ಎಂಬ ಹಟ ನನ್ನ ತಲೆಯಲ್ಲಿ ಕೂತಿತು.

ಪ್ರತಿ ದಿನ ಒಂದೆರಡು ಸಣ್ಣ ಕೆಲಸ ಮಾಡಿಸಿ, ಮನಸ್ಸಿಗೆ ಹಿಡಿಸುವಂಥದ್ದು, ಎಂದು ಮ್ಯಾಡಮ್ ಹೇಳಿದ್ದರು. ನಾನು ವೇಳಾಪತ್ರಿಕೆ ಮಾಡಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಏಳಕ್ಕೆ ಕಸ, ಎಂಟಕ್ಕೆ ಭಾಂಡಿ ತಿಕ್ಕುವುದು, ಹತ್ತಕ್ಕೆ ರೊಟ್ಟಿ. ಅವಳು ಹಿಟ್ಟಿನ ಮುಂದೆ ಕುಳಿತು ಕೈ ಆಡಿಸದೆ ಬಿಟ್ಟರೆ ಆ ದಿನದ ಎದುರು ಸೊನ್ನೆ ಹಾಕುತ್ತಿದ್ದೆ. ಎದುರು ಮನೆಯವಳು ಬಂದರೆ ಅವಳ ಮುಂದೆಯೇ, ‘ನೋಡವಾ, ಅವ್ವ ಹೋಗಿ ಇದು ಬಂತು ನನ್ನ ಕೊರಳಿಗೆ’ ಎಂದು ಹೇಳುತ್ತಿದ್ದೆ. ತಂಗಿ ಹಿಟ್ಟು ನೋಡುತ್ತ ಕುಳಿತಿರುತ್ತಿದ್ದಳು.

ಎರಡನೆಯ ವಾರದ ಮಧ್ಯಾಹ್ನ ಅವಳು ಊಟಕ್ಕೆ ಏಳಲಿಲ್ಲ. ಮೂರು ಸಲ ಕರೆದೆ. ನಾಲ್ಕನೆಯ ಸಲ ತಾಟು ಒಯ್ದು ಅವಳ ಎದುರು ಕುಕ್ಕಿದೆ, ಪಲ್ಯ ಹಾಸಿಗೆಗೆ ಸಿಡಿಯಿತು. ಬಾಯಿಗೆ ಬಂದದ್ದು ಬಂದೇಬಿಟ್ಟಿತು.

‘ಅವ್ವನ್ನ ಮಾಡಿದಾಕಿ ನಾನು. ತಲಿ ಕೆಟ್ಟದ್ದು ನಿನಗ. ಇದ್ಯಾವ ನ್ಯಾಯ? ಎರಡ ಹಣ್ಣ ತಂದ ಅತ್ತ ಹೋದಾಕಿಗೆ ಏನ ಬ್ಯಾನಿ ಬರತೈತಿ?’

ಅವಳು ಹಾಸಿಗೆಯ ಮೇಲಿನ ಪಲ್ಯವನ್ನು ಬೆರಳಿನಿಂದ ಒಂದೊಂದೇ ಎತ್ತಿ ತಾಟಿಗೆ ಹಾಕಿದಳು. ಆ ವಾರದ ವಹಿಯಲ್ಲಿ ನನ್ನ ಮಾತು ಅಕ್ಷರಕ್ಕಕ್ಷರ ಇತ್ತು. ಪಕ್ಕದ ಕಟ್ಟಿನಲ್ಲಿ, ‘ಅಕ್ಕಗ ನಾ ಬ್ಯಾಡಾಗೇನಿ.’ ದುಃಖ ತೊಂಬತ್ತು. ಖರೆ ಎನ್ನಲು ಪುರಾವೆ, ‘ತಾಟ ಕುಕ್ಕಿದಳು.’ ಸುಳ್ಳು ಎನ್ನುವ ಕಟ್ಟು ಖಾಲಿ.

ಮ್ಯಾಡಮ್ ಎದುರು ಕುಳಿತು ನಾನು ಅದನ್ನು ಓದಬೇಕು. ಓದಿದೆ, ನನಗೆ ಬೇಕಾದ ಹಾಗೆ. ತಾಟು ಕುಕ್ಕಿದ್ದು, ನನ್ನ ಬೈಗುಳ ಎರಡನ್ನೂ ನುಂಗಿ, ‘ಸಗಳ್ಯಾಂನಾ ಮೀ ನಕೋಶೀ ಝಾಲೇಯ’ ಎಂದೆ. ಎಲ್ಲರಿಗೂ ನಾನು ಬೇಡವಾಗಿದ್ದೇನೆ. ಅಕ್ಕನನ್ನು ತೆಗೆದು ಎಲ್ಲರನ್ನೂ ಹಾಕಿದೆ. ಎಲ್ಲರೂ ಎಂದರೆ ಯಾರೂ ಅಲ್ಲವಲ್ಲ. ಮ್ಯಾಡಮ್ ಹುರುಪಿನಿಂದ ಹಿಡಿದುಕೊಂಡರು. ಎಲ್ಲರೂ ಎನ್ನುವುದು ಖಿನ್ನತೆಯ ಮಾತು, ಅದು ಯಾವಾಗಲೂ ಹೀಗೆ ಒಟ್ಟಾಗಿ ಮಾತಾಡುತ್ತದೆ, ಬನ್ನಿ, ಒಬ್ಬೊಬ್ಬರನ್ನೇ ನೋಡೋಣ ಎಂದರು. ಗಂಡ ದಿನಾ ಫೋನು ಮಾಡುತ್ತಾನೆಯೇ? ಮಾಡುತ್ತಾನೆ ಎಂದೆ. ಅಕ್ಕ? ಪ್ರತಿ ವಾರ ಬಸ್ಸು ಹಿಡಿದು ಕರೆದುಕೊಂಡು ಬರುತ್ತೇನೆ, ಹೊತ್ತಿಗೆ ಸರಿಯಾಗಿ ತಾಟು ಹಾಕುತ್ತೇನೆ ಎಂದು ನಾನೇ ನನ್ನ ಸಾಕ್ಷಿ ಹೇಳಿದೆ. ಅದನ್ನು ಸುಳ್ಳಿನ ಪುರಾವೆಯ ಕಟ್ಟಿನಲ್ಲಿ ಬರೆಯಲು ತಂಗಿಗೆ ಹೇಳಿದರು. ಅವಳು ಪೆನ್ನು ಹಿಡಿದು ತನ್ನ ಕೈಯಿಂದಲೇ ಬರೆದಳು: ‘ಅಕ್ಕ ಹೊತ್ತಿಗೆ ಸರಿಯಾಗಿ ತಾಟ ಹಾಕ್ತಾಳ.’  

ನೀವು ಕೇಳಬಹುದು, ಅವಳು ಅಲ್ಲೇ ಕುಳಿತಿದ್ದಳಲ್ಲ, ಮರಾಠಿ ಅವಳಿಗೆ ಬರುತ್ತಿತ್ತಲ್ಲ, ನಿನಗೆ ಹೆದರಿಕೆಯಾಗಲಿಲ್ಲವೇ ಎಂದು. ಖಂಡಿತ ಆಗಲಿಲ್ಲ. ಅವಳು ಕೇಳಿಸಿಕೊಳ್ಳುತ್ತಿದ್ದಾಳೆ ಎಂಬುದು ನನ್ನ ಮನಸ್ಸಿಗೇ ಬರಲಿಲ್ಲ. ಕಾಯಿಲೆಯವಳು, ತಲೆ ತಗ್ಗಿಸಿ ಕುಳಿತವಳು, ಕೇಳಿದ್ದಕ್ಕೆ ಉತ್ತರ ಕೊಡದವಳು ನನ್ನ ಪಾಲಿಗೆ ಆ ಕೋಣೆಯಲ್ಲಿ ಇರಲೇ ಇಲ್ಲ. ಇದ್ದವರು ನಾನು ಮತ್ತು ಆ ಹುಡುಗಿ, ಅಷ್ಟೇ. ಅವಳ ಕಣ್ಣಿಗೆ ನಾನು ಒಳ್ಳೆಯ ಅಕ್ಕನಾಗಿ ಕಾಣಬೇಕಿತ್ತು.

ಮೂರನೆಯ ವಾರವೂ ಹಾಗೇ ಮಾಡಿದೆ, ನಾಲ್ಕನೆಯ ವಾರವೂ. ರೂಢಿಯಾಯಿತು. ಬಸ್ಸಿನಲ್ಲೇ ವಹಿ ತೆರೆದು, ನನ್ನ ಹೆಸರು ಬಂದಲ್ಲೆಲ್ಲ ಏನು ಹೇಳಬೇಕೆಂದು ಮೊದಲೇ ತಯಾರಿ ಮಾಡಿಕೊಳ್ಳುತ್ತಿದ್ದೆ. ತಂಗಿ ಕಿಟಕಿಯ ಹತ್ತಿರ ಕುಳಿತು ಹೊರಗೆ ನೋಡುತ್ತಿದ್ದಳು. ಮ್ಯಾಡಮ್ ಪಾಪ ಬೆವರು ಸುರಿಸುತ್ತಿದ್ದರು. ಎಷ್ಟು ಪುರಾವೆ ಹುಡುಕಿದರೂ ತೊಂಬತ್ತು ಎಂಬತ್ತಕ್ಕೆ ಇಳಿಯುತ್ತಿರಲಿಲ್ಲ. ಇಳಿಯುವುದಾದರೂ ಹೇಗೆ? ಬೇನೆ ಒಂದು ಕಡೆ, ಔಷಧಿ ಹಚ್ಚುವುದು ಒಂದು ಕಡೆ. ಆ ಕಡೆಯನ್ನು ತೋರಿಸಿದವಳು ನಾನು.

ಎರಡನೆಯ ವಾರದ ಕೊನೆಗೆ ಮ್ಯಾಡಮ್ ಇನ್ನೊಂದು ಅಭ್ಯಾಸ ಕೊಟ್ಟಿದ್ದರು. ಒಂದು ಕೆಲಸಕ್ಕೆ ಹೆದರಿಕೆ ಇದ್ದರೆ, ಹೀಗಾಗುತ್ತದೆ ಎಂದು ಮೊದಲು ಅಂದಾಜು ಬರೆಯಬೇಕು. ಆಮೇಲೆ ಆ ಕೆಲಸ ಮಾಡಿ, ನಿಜವಾಗಿ ಏನಾಯಿತು ಎಂದು ಬರೆಯಬೇಕು. ಸಂತೆಗೆ ಹೋದರೆ ಎಲ್ಲರೂ ನನ್ನನ್ನೇ ನೋಡುತ್ತಾರೆ ಎಂದು ಅಂದಾಜಿದ್ದರೆ, ಹೋಗಿ ನೋಡಿ ಎಷ್ಟು ಜನ ನೋಡಿದರು ಎಂದು ಬರೆಯುವುದು. ಅದಕ್ಕೆ ಬಿಡಿ ಹಾಳೆಗಳನ್ನು ಕೊಟ್ಟಿದ್ದರು. ತಂಗಿ ಅವನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಳು. ಅವಳು ಅದರಲ್ಲಿ ಏನಾದರೂ ಬರೆದಾಳು ಎಂದು ನಾನು ಎಣಿಸಿರಲಿಲ್ಲ, ಕೇಳಲೂ ಇಲ್ಲ.

ಐದನೆಯ ವಾರ. ಬಸ್ಸು ಶಿರೋಳಿಯ ಕಾರಖಾನೆಗಳ ಹತ್ತಿರ ಗಾಡಿಗಳ ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ನಾನು ವಹಿ ತೆರೆದೆ. ಪುಟದ ಮಧ್ಯದಲ್ಲಿ ಹೀಗಿತ್ತು: ‘ನಾ ಇಲ್ಲದಂಗಾದ್ರ ಅಕ್ಕಗ ಹಗುರ ಆಕ್ಕೈತಿ. ಸತ್ತ ಹೋಗಬೇಕು ಅಂತ ದಿನಾ ಅನಸತೈತಿ.’ ಮೇಲೊಂದು, ಕೆಳಗೊಂದು ಸಾದಾ ಸಾಲು. ರೊಟ್ಟಿ ಬಡಿದದ್ದು, ನಿದ್ದೆ ಬಾರದ್ದು.

 ನಾನು ಓದು ಬರಹ ಬಲ್ಲವಳು, ಆ ಮಾತಿನ ಅರ್ಥ ಗೊತ್ತಿಲ್ಲದವಳಲ್ಲ. ಪಕ್ಕಕ್ಕೆ ತಿರುಗಿ ನೋಡಿದೆ, ಅವಳು ಕಿಟಕಿಯ ಸರಳು ಹಿಡಿದು ಕುಳಿತಿದ್ದಳು. ಕೈ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಶಿರೋಳಿಯಿಂದ ಕೊಲ್ಹಾಪುರದ ಸ್ಟ್ಯಾಂಡಿನವರೆಗೆ ನಾನು ಕುಳಿತು ಯೋಚಿಸಿದ್ದು ಇಷ್ಟು: ಇದನ್ನು ಓದಿದರೆ ಆ ಹುಡುಗಿ, ಅಕ್ಕನಿಗೇ ಯಾಕೆ ಹಗುರವಾಗುತ್ತದೆ ಎಂದು ಕೇಳುತ್ತಾಳೆ. ತಾಟು ಹೊರಗೆ ಬರುತ್ತದೆ, ಬೈಗುಳ ಹೊರಗೆ ಬರುತ್ತದೆ, ಮೂರು ವಾರ ನಾನು ಬಿಟ್ಟ ಸಾಲುಗಳೆಲ್ಲ ಹೊರಗೆ ಬರುತ್ತವೆ. ಗುಳಿಗೆಗಳನ್ನು ನಾನೇ ಕಪಾಟಿನಲ್ಲಿ ಇಟ್ಟು ಕೀಲಿ ಹಾಕುತ್ತೇನೆ, ನಾನೇ ಅವಳ ಮಗ್ಗುಲಲ್ಲಿ ಮಲಗುತ್ತೇನೆ, ನಾನೇ ಕಾಯುತ್ತೇನೆ, ಹೊರಗಿನವರಿಗೆ ಯಾಕೆ ಹೇಳಬೇಕು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಸ್ಟ್ಯಾಂಡು ಬರುವಷ್ಟರಲ್ಲಿ ಆ ಸಮಾಧಾನ ನನಗೆ ಕರ್ತವ್ಯದ ಹಾಗೆ ಕಾಣತೊಡಗಿತ್ತು.

ಓದಿದೆ. ರೊಟ್ಟಿಯದನ್ನು ಓದಿದೆ, ನಿದ್ದೆಯದನ್ನು ಓದಿದೆ. ಮ್ಯಾಡಮ್ ಪ್ರತಿ ವಾರ ಕೇಳುವ ಪ್ರಶ್ನೆಯನ್ನು ಕೇಳಿದರು, ಸಾಯುವ ವಿಚಾರವೇನಾದರೂ ಬರುತ್ತದೆಯೇ ಎಂದು. ತಂಗಿಯನ್ನು ನೋಡಿಯೇ ಕೇಳಿದರು. ನಾನು ಉತ್ತರ ಕೊಟ್ಟೆ.

‘ನಾಹೀ ಹೋ. ತಸಂ ಕಾಹೀ ನಾಹೀ.’ ಅಂಥದ್ದೇನೂ ಇಲ್ಲ.

ಆಗ ತಂಗಿ ತಲೆ ಎತ್ತಿದಳು. ಐದು ವಾರದಲ್ಲಿ ಆ ಕೋಣೆಯಲ್ಲಿ ಅವಳ ದನಿ ಕೇಳಿಸಿದ್ದು ಅದೇ ಮೊದಲು. ಚೊಕ್ಕ ಪೇಟೆಯ ಮರಾಠಿ, ನನ್ನದಕ್ಕಿಂತ ಚೆನ್ನಾಗಿತ್ತು.

‘ಮ್ಯಾಡಮ್, ಮಧಲೀ ಏಕ ಓಳ ರಾಹಿಲೀ.’

ಮಧ್ಯದ ಒಂದು ಸಾಲು ಉಳಿಯಿತು. ಹಾಗೆಂದು ನನ್ನ ತೊಡೆಯ ಮೇಲಿನ ವಹಿಯನ್ನು ತೆಗೆದುಕೊಂಡು, ಆ ಸಾಲನ್ನು ಮೊದಲು ಕನ್ನಡದಲ್ಲಿ ಓದಿ, ಆಮೇಲೆ ಮರಾಠಿಯಲ್ಲಿ ಹೇಳಿದಳು. ಬೆರಳಿನಿಂದ ಹಿಂದಿನ ಪುಟಗಳನ್ನು ತಿರುವಿ ತಾಟಿನದು, ಬೈಗುಳದ್ದು, ಎದುರು ಮನೆಯವಳ ಮುಂದೆ ಆಡಿದ್ದು ಎಲ್ಲವನ್ನೂ ಓದಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹಾಜರಿ ಕರೆಯುವ ಹಾಗೆ ಓದಿದಳು. ಓದಿ ಮುಗಿಸಿ ಪರ್ಸು ತೆರೆದು, ಮಡಚಿದ ಹಾಳೆಗಳನ್ನು ಮ್ಯಾಡಮ್ ಕೈಗೆ ಕೊಟ್ಟಳು. ಅವು ಮರಾಠಿಯಲ್ಲೇ ಇದ್ದವು. ಮೂರು ವಾರದ ಮೂರು ಹಾಳೆ. ಅಂದಾಜು: ಅಕ್ಕ ಈ ಸಾಲು ಬಿಡುತ್ತಾಳೆ. ಆದದ್ದು: ಬಿಟ್ಟಳು. ಮೊದಲಿನ ಎರಡರಲ್ಲೂ ಅದೇ. ಅವತ್ತಿನ ಹಾಳೆಯಲ್ಲಿ ಮಾತ್ರ ಬೇರೆ ಇತ್ತು. ಅಂದಾಜು: ಇದೊಂದನ್ನು ಅಕ್ಕ ಓದುತ್ತಾಳೆ. ಕೆಳಗೆ ಖಾಲಿ ಬಿಟ್ಟಿದ್ದಳು. ಮ್ಯಾಡಮ್ ಎದುರಿಗೇ ಪೆನ್ನು ತೆಗೆದುಕೊಂಡು ಅದನ್ನು ತುಂಬಿದಳು.

ಮ್ಯಾಡಮ್ ಮುಖ ಸಣ್ಣದಾಗಿತ್ತು. ತಂಗಿಗೆ ಹೇಳಿದರು, ‘ಮಾಝೀ ಚೂಕ ಝಾಲೀ.’ ನಿಮ್ಮ ಮನೆಯವರ ಕೈಗೆ ನಿಮ್ಮ ವಹಿ ಕೊಟ್ಟದ್ದು ನನ್ನ ತಪ್ಪು ಎಂದರು. ಆಮೇಲೆ ಮೆಲ್ಲಗೆ, ಅಕ್ಕನಿಗೆ ನಾನು ಬೇಡ ಎಂಬ ವಿಚಾರವನ್ನು ಈಗ ಎಷ್ಟು ನಂಬುತ್ತೀರಿ ಎಂದು ಕೇಳಿದರು. ತಂಗಿ ತಡಮಾಡದೆ ‘ಶಂಭರ’ ಎಂದಳು. ನೂರು. ದುಃಖ ಎಷ್ಟು ಎಂದು ಕೇಳಿದರು. ಅವಳು ವಹಿ ಮುಚ್ಚಿ ತೊಡೆಯ ಮೇಲೆ ಇಟ್ಟುಕೊಂಡಳು.

‘ಸಾಠ.’ ಅರವತ್ತು. ಇಷ್ಟು ದಿನ ನನಗೇ ತಲೆ ಕೆಟ್ಟಿದೆ, ಇಲ್ಲದ್ದನ್ನು ಕಾಣುತ್ತಿದ್ದೇನೆ ಎಂದುಕೊಂಡಿದ್ದೆ, ನಾನು ಕಂಡದ್ದು ಅಲ್ಲಿ ಇತ್ತು ಎಂದು ಮರಾಠಿಯಲ್ಲಿ ಹೇಳಿದಳು. ನನ್ನ ಕಡೆ ನೋಡಲೂ ಇಲ್ಲ. ನಾನು ಆ ಕೋಣೆಯಲ್ಲಿ ಇಲ್ಲವೇ ಇಲ್ಲ ಎನ್ನುವಂತೆ ಹೇಳಿದಳು.

ನನ್ನನ್ನು ಹೊರಗೆ ಕುಳಿತಿರಲು ಹೇಳಿದರು. ನಾನು ಎಷ್ಟು ಮಕ್ಕಳನ್ನು ತರಗತಿಯ ಹೊರಗೆ ನಿಲ್ಲಿಸಿದ್ದೆನೋ ಲೆಕ್ಕವಿಲ್ಲ. ಬಾಕಿನ ಮೇಲೆ ಕುಳಿತು ಅತ್ತೆ, ಅತ್ತದ್ದು ಅವಳಿಗಾಗಿ ಅಲ್ಲ. ಆ ಹುಡುಗಿಯ ಮುಖದಲ್ಲಿ ನನ್ನ ಬಗ್ಗೆ ಏನು ಕಂಡೆನೋ ಅದಕ್ಕಾಗಿ ಅತ್ತೆ. ಡಾಕ್ಟರು ಬಂದರು, ತಂಗಿಯ ಗಂಡನಿಗೆ ಫೋನು ಹೋಯಿತು. ಅವನು ಅಂಗಡಿ ಮುಚ್ಚಿಕೊಂಡು ಅವತ್ತೇ ಬಂದು ಅವಳನ್ನು ಕರೆದೊಯ್ದ. ಅವಳ ಸೀರೆಗಳನ್ನು ಮರುದಿನ ನಮ್ಮ ಮನೆಯವರು ಗಡಹಿಂಗ್ಲಜಕ್ಕೆ ಮುಟ್ಟಿಸಿ ಬಂದರು. ಬಂದು ನನ್ನ ಹತ್ತಿರ ನಾಲ್ಕು ದಿನ ಮಾತಾಡಲಿಲ್ಲ.

ಗುಳಿಗೆ ಮುಂದುವರಿಯಿತು, ವಹಿ ಮುಂದುವರಿಯಿತು. ಮೊದಲು ಗಂಡ ಕರೆತರುತ್ತಿದ್ದ, ಸೀಜನ್ ಎನ್ನುವ ಮಾತು ಎತ್ತಲೇ ಇಲ್ಲವಂತೆ. ಆಮೇಲೆ ಒಬ್ಬಳೇ ಬಸ್ಸಿಗೆ ಬರತೊಡಗಿದಳು. ತನ್ನ ಪುಟಗಳನ್ನು ತಾನೇ ಓದಿ ಹೇಳುತ್ತಿದ್ದಳು. ವಾರಕ್ಕೊಮ್ಮೆ ಇದ್ದದ್ದು ಹದಿನೈದು ದಿನಕ್ಕಾಯಿತು, ತಿಂಗಳಿಗಾಯಿತು. ಅವಳು ಮತ್ತೆ ನಗುತ್ತಾಳೆ, ಪೇಟೆಗೆ ಹೋಗುತ್ತಾಳೆ ಎಂದು ಅವಳ ಗಂಡನೇ ಫೋನಿನಲ್ಲಿ ಹೇಳಿದ. ಕೆಲವು ತಿಂಗಳ ಮೇಲೆ ಅವಳೇ ಫೋನು ಮಾಡಿದಳು. ಆಮೇಲೆ ಕೊಲ್ಹಾಪುರಕ್ಕೆ ಬಂದ ದಿನ ನಾನೂ ಹೋಗಿ ಸ್ಟ್ಯಾಂಡಿನಲ್ಲಿ ಒಂದು ಅರ್ಧ ತಾಸು ಅವಳ ಜೋಡಿ ಚಹಾ ಕುಡಿಯುವುದು ರೂಢಿಯಾಯಿತು. ಮಳೆ, ಮದುವೆ, ಮೊಣಕಾಲು ನೋವು, ಇಷ್ಟೇ ಮಾತು. ಆ ಅರ್ಧ ತಾಸಿಗಾಗಿ ನಾನು ಇಡೀ ತಿಂಗಳು ಕಾಯುತ್ತಿದ್ದೆ, ಇದನ್ನು ಹೇಳಲು ನಾಚಿಕೆ ಏನಿದೆ.

ಒಂದು ವರ್ಷದ ಮೇಲಾಗಿತ್ತು. ಅವತ್ತು ಅವಳು ಚಹಾದ ಕಪ್ಪು ಕೆಳಗಿಟ್ಟು, ‘ಅಕ್ಕಾ, ಒಂದ ಕೇಳ್ತೇನಿ, ಖರೇ ಹೇಳ’ ಎಂದಳು. ‘ನಾ ಸಾಯಲಿ ಅಂತ ಆ ಸಾಲ ಬಿಟ್ಟಿದ್ದೇನ?’

‘ಇಲ್ಲ. ಏನ ಮಾತಂತ ಆಡ್ತೀ.’

‘ಮತ್ತ ಯಾಕ ಬಿಟ್ಟಿ?’

ಇವಳಿಗೆ ಇನ್ನು ಸುಳ್ಳು ಹೇಳಬಾರದು ಎಂದು ನಾನು ಎಂದೋ ನಿರ್ಧಾರ ಮಾಡಿದ್ದೆ. ಹಾಗಾಗಿ ಹೇಳಿದೆ.

‘ಆ ಮ್ಯಾಡಮ್ ಮುಂದ ನನ್ನ ಮರ್ಯಾದಿ ಹೋಗ್ತೈತಿ ಅಂತ.’

‘ಆ ಹುಡಿಗಿ ಮುಂದ?’

‘ಹೌದು.’

ಅವಳು ನನ್ನನ್ನೇ ನೋಡಿದಳು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

‘ಅಟ್ಟಕ್ಕ?’ ಎಂದಳು. ‘ಅವ್ವನ ಸಲುವಾಗಿ ನಿನ್ನ ಹೊಟ್ಟ್ಯಾಗ ಅಟ್ಟ ಬೆಂಕಿ ಇತ್ತು, ಅದಕ್ಕ ಬಿಟ್ಟೀ ಅನ್ಕೊಂಡಿದ್ನಿ. ಹನ್ನೊಂದ ತಿಂಗಳ ನೀ ಒಬ್ಬಾಕೀನ ಮಾಡಿದಿ, ಸಿಟ್ಟ ಬರೂದ, ಬರಲಿ ಅಂತ. ಒಂದ ವರ್ಷ ಕುಂತ ಬರದ ಬರದ ಅದನ್ನ ಮನಸ್ಸಿಗೆ ಸಮಾ ಮಾಡ್ಕೊಂಡ್ನಿ ಅಕ್ಕಾ. ಈಗ ಇದನ್ನ ನಾ ಎಲ್ಲಿಂದ ಸುರು ಮಾಡ್ಲಿ?’

ಗಡಹಿಂಗ್ಲಜದ ಬಸ್ಸು ಬಂದು ನಿಂತಿತ್ತು. ಅವಳು ಚೀಲ ಹೆಗಲಿಗೆ ಹಾಕಿಕೊಂಡು ಹತ್ತಿದಳು. ಮುಂದಿನ ತಿಂಗಳು ಅವಳ ದಿನ ನಾನು ಸ್ಟ್ಯಾಂಡಿಗೆ ಹೋದೆ, ಅದರ ಮುಂದಿನ ತಿಂಗಳೂ ಹೋದೆ. ಅವಳು ಬೇರೆ ಹೊತ್ತಿನ ಬಸ್ಸು ಹಿಡಿಯುತ್ತಿದ್ದಾಳೆ. ಅವಳು ಚೆನ್ನಾಗಿದ್ದಾಳೆ, ಗುಳಿಗೆ ಕಡಿಮೆಯಾಗಿದೆ ಎಂದು ಅವಳ ಗಂಡ ಹೇಳುತ್ತಾನೆ. ಅವತ್ತು ಹೌದು, ಸಾಯಲಿ ಅಂತಲೇ ಬಿಟ್ಟೆ ಎಂದು ನಾನು ಸುಳ್ಳು ಹೇಳಿದ್ದರೆ, ಅವಳು ಇನ್ನೂ ನನ್ನ ಜೋಡಿ ಚಹಾ ಕುಡಿಯುತ್ತಿದ್ದಳು.